ಚಂದದ ಕಾರು, ಕುಷ್ಟಗಿಯ ದಾರಿ

ನಿಮ್ಮ ಟ್ರಂಕಿನಲ್ಲಿ ರೇಶಿಮೆ ಸೆರಗಿನ ಒಂದು ಒಳ್ಳೆಯ ಇಳಕಲ್ ಸೀರೆ ಇದೆಯೆನ್ನಿ. ದಿನಾ ಉಟ್ಟು ಪಾತ್ರೆ ತಿಕ್ಕಲು ಮನಸ್ಸು ಬಾರದು. ಉಡದೆ ಇಟ್ಟರೋ, ಮಡಿಕೆ ಮಡಿಕೆಯಲ್ಲೇ ಹರಿಯುತ್ತದೆ. ಕಳೆದ ದಸರೆಯಿಂದ ನಮ್ಮ ಮನೆಯಲ್ಲಿ ಇದೇ ಪೇಚು. ಸೀರೆಯದಲ್ಲ, ಕಾರಿನದು.

ನಾವಿರುವುದು ಕೊಪ್ಪಳದಲ್ಲಿ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಇಲ್ಲಿದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕು. ಈಗ ಕುಕನೂರು, ಕನಕಗಿರಿ, ಕಾರಟಗಿಯೂ ಸೇರಿ ಏಳಾಗಿವೆ. ನೌಕರಿಯವರ ಪಾಲಿಗೆ ಮಾತ್ರ ಇನ್ನೂ ಹಳೆಯ ಲೆಕ್ಕವೇ: ಮನೆ ಕೊಪ್ಪಳದಲ್ಲಿ, ಕೆಲಸ ಉಳಿದ ಮೂರರಲ್ಲಿ ಎಲ್ಲಾದರೂ ಒಂದು ಕಡೆ. ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದು ನೋಡಿ. ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡ ಮಾಸ್ತರರು, ಅಕ್ಕೋರು, ನರ್ಸಮ್ಮಗಳು, ಕಚೇರಿಯವರು ಬಸ್ಸಿನ ಬೋರ್ಡು ಕಂಡ ಕೂಡಲೇ ಓಡುವ ಓಟ! ನಮ್ಮವರೂ ಅವರಲ್ಲೊಬ್ಬರು. ಜೂನ್‌ನಲ್ಲಿ ಕುಷ್ಟಗಿಗೆ ವರ್ಗವಾಯಿತು. ಹೋಗಲು 60 ಕಿ.ಮೀ. ಆಸುಪಾಸು, ಬರಲು ಅಷ್ಟೇ.

"ಮನೆಯನ್ನೇ ಕುಷ್ಟಗಿಗೆ ಸಾಗಿಸಬಾರದೇ?" ಎಂದು ಕೇಳುತ್ತೀರಿ. ಮಗಳು ಪಿಯುಸಿ ಎರಡನೇ ವರ್ಷ. ಅತ್ತೆಗೆ ಮಂಡಿನೋವು, ಅವರ ಡಾಕ್ಟರು ಇಲ್ಲಿಯೇ. ಹೀಗಾಗಿ ಆ ಮಾತನ್ನು ನಾವು ಎತ್ತಲೇ ಇಲ್ಲ. ಮಳೆಗಾಲವೆಲ್ಲ ಅವರು ಬಸ್ಸಿನಲ್ಲೇ ಓಡಾಡಿದರು.

ದಸರೆಗೆ ಕಾರು ಬಂತು. ಬೆಳ್ಳಿ ಬಣ್ಣದ್ದು, ಹಿಂದೆ ದೊಡ್ಡ ಡಿಕ್ಕಿ ಇರುವ ಉದ್ದನೆಯ ಕಾರು. ಅದರಲ್ಲಿ ಅರ್ಧ ಹಣ ನನ್ನ ತವರಿನ ಹೊಲದ ಪಾಲು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಆದ ಕಾನೂನು ಕಾಗದದಲ್ಲಿದ್ದರೂ ಪಾಲು ಕೇಳಿ ಪಡೆಯುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತೇ ಇದೆ. ನಮ್ಮಣ್ಣ ಒಳ್ಳೆಯವನು, ತಾನೇ ಕರೆದು ಕೊಟ್ಟ. ಆ ಹಣ ಸುಮ್ಮನೆ ಕರಗಬಾರದೆಂದು ನನ್ನಾಸೆ. ಹಾಗಾಗಿ ಕಾರಿಗೆ ಒಂದು ಗೀರು ಬಿದ್ದರೂ ನನ್ನ ಹೊಟ್ಟೆಯಲ್ಲಿ ಚುರುಕ್ ಅನ್ನುತ್ತಿತ್ತು. ಹಳೆಯ ಸೀರೆಗಳನ್ನು ಹೊಲಿದು ಹೊದಿಕೆ ಮಾಡಿ ಮುಚ್ಚಿದ್ದೆ! ಅತ್ತೆ ಎರಡು ತಿಂಗಳು ಸುಮ್ಮನೆ ನೋಡಿದರು. ಒಂದು ದಿನ ರೊಟ್ಟಿ ಬಡಿಯುತ್ತಿದ್ದಾಗ ಅಂದೇಬಿಟ್ಟರು:

"ಯವ್ವಾ, ಮಗಾ ದಿನಾ ಬಸ್ಸಿನ್ಯಾಗ ನಿಂತು ಹೊಕ್ಕಾನ. ಕಾರ್ ತಂದಿದ್ದು ಪಡಸಾಲ್ಯಾಗ ಇಟ್ಟು ಪೂಜಿ ಮಾಡಾಕೇನು?"

ಅಂದಿನಿಂದ ಚರ್ಚೆ ಶುರುವಾಯಿತು ನೋಡಿ. ಮಗಳು ಲೆಕ್ಕದ ಹುಡುಗಿ, ಕಾಗದ ಪೆನ್ಸಿಲು ಹಿಡಿದು ಕೂತಳು. ದಿನಕ್ಕೆ 120 ಕಿ.ಮೀ., ತಿಂಗಳಿಗೆ 24 ದಿನ ಅಂದರೆ 2,880. ಲೀಟರಿಗೆ ಹದಿನೈದು ಕಿ.ಮೀ. ಓಡಿದರೂ 192 ಲೀಟರು. ಪೆಟ್ರೋಲು ನೂರು ದಾಟಿದೆ. ಲೆಕ್ಕಕ್ಕೆ ನೂರೇ ಹಿಡಿದರೂ 19,200 ರೂಪಾಯಿ! ಬಸ್ಸಿನ ಖರ್ಚು ಅದರ ಕಾಲು ಭಾಗವೂ ಆಗದು. ವರ್ಷಕ್ಕೆ 34,560 ಕಿ.ಮೀ. ನಮ್ಮಂಥವರು ಮದುವೆ, ಜಾತ್ರೆ, ಆಸ್ಪತ್ರೆ ಎಂದು ಓಡಾಡಿದರೆ ಹತ್ತು ಸಾವಿರವಾದರೆ ಹೆಚ್ಚು. ಅಂದರೆ ಮೂರೂವರೆ ವರ್ಷದ ಸವೆತ ಒಂದೇ ವರ್ಷದಲ್ಲಿ. ಟೈರು ನಲವತ್ತು ಸಾವಿರದ ಸುತ್ತ ಬದಲಿಸಬೇಕು, ಹತ್ತು ಸಾವಿರಕ್ಕೊಮ್ಮೆ ಸರ್ವಿಸು ಬೇರೆ.

"ಸಾಕು ಬಿಡು, ಬಸ್ಸೇ ಗತಿ" ಎಂದೆ ನಾನು. ಆಗ ಅದೇ ಹುಡುಗಿ ವಿಮೆಯ ಕಾಗದ ತೆಗೆದು ಇನ್ನೊಂದು ಲೆಕ್ಕ ಹೇಳಿದಳು. ವಿಮೆಯವರು ಕಾರಿನ ಬೆಲೆ ಕಟ್ಟುವುದು ವಯಸ್ಸು ನೋಡಿ: ಎರಡನೇ ವರ್ಷದಲ್ಲಿ ಶೇ 20 ಕಳೆಯುತ್ತಾರೆ, ಐದನೇ ವರ್ಷಕ್ಕೆ ಶೇ 50. ಓಡಿಸಿದರೂ ಅಷ್ಟೇ, ಸೀರೆ ಹೊದಿಸಿ ನಿಲ್ಲಿಸಿದರೂ ಅಷ್ಟೇ. ಮೇಲಾಗಿ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಇಲಿಗಳು ವೈರು ಕಡಿಯುತ್ತವೆ. ನಮ್ಮಲ್ಲಿ ಆಗಲೇ ಒಂದು ಸಲ ಕಡಿದಿದ್ದವು ಅನ್ನಿ!

ಕಾಗದದ ಮೇಲೆ ಇದು ಮುಗಿಯುವುದಲ್ಲವೆಂದು ತೋರಿತು. "ನಾನೂ ಬರ್ತೀನ್ರೀ. ಒಂದಿನಾ ಕಾರಿನ್ಯಾಗ, ಒಂದಿನಾ ಬಸ್ಸಿನ್ಯಾಗ. ನೋಡೇ ಬಿಡೂಣು" ಎಂದೆ. ನಕ್ಕರು. ಕುಷ್ಟಗಿಯಲ್ಲಿ ನನ್ನ ಸಾಲೀ ಗೆಳತಿಯ ಮನೆ ಇದೆ, ದಿನ ಕಳೆಯಲು ತೊಂದರೆಯಿಲ್ಲ.

ಡಿಸೆಂಬರಿನ ಸೋಮವಾರ ಕಾರಿನಲ್ಲಿ ಹೊರಟೆವು. ಊರು ಬಿಟ್ಟ ಮೇಲೆ ಕೊಂಚ ದೂರ ಸಣ್ಣ ರಸ್ತೆ, ಆಮೇಲೆ ಹೊಸಪೇಟೆಯಿಂದ ವಿಜಯಪುರದ ಕಡೆ ಹೋಗುವ ನಾಲ್ಕು ಪಥದ ಹೆದ್ದಾರಿ. ಗಂಗಾವತಿಯ ಕಡೆ ಹೋದರೆ ತುಂಗಭದ್ರೆಯ ಎಡದಂಡೆ ಕಾಲುವೆ, ಕಣ್ಣು ಹಾಯಿಸಿದಷ್ಟೂ ಭತ್ತ. ಕುಷ್ಟಗಿಯ ಕಡೆ ಹಾಗಲ್ಲ. ಮಳೆ ನಂಬಿದ ಬಯಲು, ಜೋಳ, ಸಜ್ಜೆ, ತೊಗರಿ, ಅಲ್ಲಲ್ಲಿ ದಾಳಿಂಬೆ ತೋಟ. ದಿಗಂತದಲ್ಲಿ ಎತ್ತರದ ಗಾಳಿಯಂತ್ರಗಳು ಮೂರು ಕೈ ತಿರುಗಿಸುತ್ತ ನಿಂತಿರುತ್ತವೆ. ಕಾರಿನಲ್ಲಿ ಕೂತು ನೋಡಲು ಅದೆಷ್ಟು ಸೊಗಸು! ಗಾಜು ಏರಿಸಿದರೆ ಧೂಳಿಲ್ಲ, ಸದ್ದಿಲ್ಲ. ಮಳೆಗಾಲವೆಲ್ಲ ಇವರನ್ನು ಬಸ್ಸಿಗೆ ಕಳಿಸಿದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಸಂಜೆ ಮರಳುವಾಗ ಕಥೆ ಬೇರೆಯಾಯಿತು. ಸಣ್ಣ ರಸ್ತೆಗೆ ಇಳಿದ ಮೇಲೆ ಒಂದು ಕಡೆ ಹುರುಳಿ ಹಾಸಿದ್ದರು. ನೀವೂ ಕಂಡಿರುತ್ತೀರಿ, ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಬಂದು ಹೋಗುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರಲೆಂದು ಬೆಳೆಯನ್ನು ರಸ್ತೆಗೆ ಹಾಸುತ್ತಾರೆ. ರೈತರನ್ನು ಬೈಯಲು ನನಗೆ ಮನಸ್ಸಿಲ್ಲ, ಎತ್ತು ಕಟ್ಟಿ ಕಣ ಮಾಡುವವರು ಈಗೆಲ್ಲಿದ್ದಾರೆ? ಆದರೆ ಹುರುಳಿಯ ಬಳ್ಳಿ ನೂಲಿನಂಥದು. ನಮ್ಮ ಕಾರು ನೆಲಕ್ಕೆ ತಗ್ಗು. ಅರ್ಧ ಮೈಲಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಇವರು ಕೂಡಲೇ ಬದಿಗೆ ನಿಲ್ಲಿಸಿ, ಕೀಲಿ ತಿರುಗಿಸಿ, "ಇಳಿ, ಇಳಿ ಲಗೂ" ಎಂದರು. ಅಡಿಯಲ್ಲಿ ಹೊಟ್ಟು ಸುತ್ತಿಕೊಂಡು ಕಂಬಳಿಯ ಉಂಡೆಯಾಗಿತ್ತು, ತೆಳ್ಳಗೆ ಹೊಗೆ ಬೇರೆ. ಕುರಿ ಕಾಯುವ ಹುಡುಗನೊಬ್ಬ ಕೋಲು ಕೊಟ್ಟ. ತಣ್ಣಗಾಗುವವರೆಗೆ ಕಾದು, ಎಳೆದೂ ಎಳೆದೂ ತೆಗೆದದ್ದಾಯಿತು. ಹೀಗೆ ಸುತ್ತಿಕೊಂಡ ಹೊಟ್ಟಿಗೆ ಬೆಂಕಿ ಹತ್ತಿ ಕಾರುಗಳು ಸುಟ್ಟದ್ದು ನಮ್ಮ ರಾಜ್ಯದಲ್ಲಿ ಹಲವು ಸಲ ಆಗಿದೆ. ಒಂದು ಮಾತು ನೆನಪಿಡಿ: ರಸ್ತೆಯ ಮೇಲೆ ಬೆಳೆ ಹಾಸಿದ್ದು ಕಂಡರೆ ಬದಿಯಿಂದ ನಿಧಾನ ಸಾಗಿ, ದಾಟಿದ ಮೇಲೆ ನಿಲ್ಲಿಸಿ ಅಡಿಯಲ್ಲಿ ಬಗ್ಗಿ ನೋಡಿ. ಹೊಗೆ ಕಂಡರೆ ಮೊದಲು ಮಕ್ಕಳನ್ನು ಇಳಿಸಿ, ಕಾರಿನ ಚಿಂತೆ ಆಮೇಲೆ.

ಕತ್ತಲಲ್ಲಿ ಮನೆ ಸೇರಿದೆವು. ಅವರ ಕಣ್ಣು ಕೆಂಪಾಗಿದ್ದವು. ಎದುರಿನ ಲಾರಿಗಳ ದೀಪ ನೋಡಿ ನೋಡಿ ತಲೆಶೂಲೆ ಎಂದರು, ಊಟ ಅರ್ಧಕ್ಕೇ ಬಿಟ್ಟು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಹಿಂದೆ ಯಲಬುರ್ಗಾದಲ್ಲಿದ್ದಾಗ ಎರಡು ವರ್ಷ ಮೋಟಾರ್‌ಸೈಕಲ್ಲಿನಲ್ಲಿ ಓಡಾಡಿ, ಒಂದು ಸಂಜೆ ರಸ್ತೆಗೆ ಇಟ್ಟ ಕಲ್ಲು ಕಾಣದೆ ಬಿದ್ದು ಮೊಣಕೈ ಮುರಿದುಕೊಂಡಿದ್ದರು. ಆ ಕೈ ಇಂದಿಗೂ ಪೂರಾ ಚಾಚುವುದಿಲ್ಲ. ಇಷ್ಟು ದಿನ ಕಾರಿಗೆ ಗೀರು ಬೀಳುತ್ತದೆಂದು ಹೆದರುತ್ತಿದ್ದವಳಿಗೆ ಅಂದು ರಾತ್ರಿ ಕಾರು ನೆನಪಿಗೇ ಬರಲಿಲ್ಲ.

ಮಂಗಳವಾರ ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತಲ್ಲ, ಕಂಡಕ್ಟರು ನನಗೆ ಸೊನ್ನೆ ರೂಪಾಯಿ ಟಿಕೀಟು ಹರಿದುಕೊಟ್ಟು ಇವರ ಕಡೆ ಕೈ ಚಾಚಿದ. ಅರ್ಧ ದಾರಿ ನಿಂತೇ ಹೋದೆವು. ನನ್ನ ಕಾಲು ಬಾತವು, ನಿಜ. ಆದರೆ ಇವರನ್ನು ನೋಡಬೇಕಿತ್ತು ನೀವು! ಸೀಟು ಸಿಕ್ಕದ್ದೇ ತಡ ಗೊರಕೆ. ಎದ್ದ ಮೇಲೆ ಗೆಳೆಯರ ಜೊತೆ ಹರಟೆ, ಯಾರದೋ ಡಬ್ಬಿಯ ಶೇಂಗಾ ಹೋಳಿಗೆ. ಕುಷ್ಟಗಿಯಲ್ಲಿ ಇಳಿದವರೇ ಹೋಟೆಲಿಗೆ ನುಗ್ಗಿ ಒಗ್ಗರಣಿ-ಮಿರ್ಚಿ. ಮನೆಯಲ್ಲಿ ಹೊಟ್ಟೆ ಸರಿಯಿಲ್ಲ ಅನ್ನುವುದರ ಗುಟ್ಟೂ ನನಗೆ ಅಂದೇ ತಿಳಿಯಿತು! ಸಂಜೆ ಮಾತ್ರ ಬಸ್ಸು ತಡವಾಗಿ ಎಂಟೂವರೆಗೆ ಮನೆ. ಮಗಳು ಊಟ ಮಾಡಿ ಪುಸ್ತಕ ಹಿಡಿದಿದ್ದಳು. ಅಪ್ಪನ ಮುಖ ನೋಡಿ "ಗುಡ್ ನೈಟ್" ಅಂದದ್ದಷ್ಟೇ.

ರೈಲಿನ ಮಾತೂ ಬಂತು. ತಳಕಲ್ಲಿನಲ್ಲಿ ಕವಲೊಡೆದು ಕುಕನೂರು, ಯಲಬುರ್ಗಾ ದಾಟುವ ಹೊಸ ಹಳಿಯ ಮೇಲೆ 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲು ಬಂತು. ಯಲಬುರ್ಗಾದವರಿಗೆ ಹಬ್ಬ. ನಮಗದು ಮೂಗು ಹಿಡಿಯಲು ಕೈ ಸುತ್ತಿಸಿದಂತೆ.

ಗಂಗಾವತಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಗಂಡ ಮೂರು ವರ್ಷದಿಂದ ದಿನಾ ಒಳ್ಳೆಯ ಕಾರಿನಲ್ಲೇ ಕೊಪ್ಪಳಕ್ಕೆ ಬರುತ್ತಾರೆ. ಆ ಕಾರು ಬಂದಾಗ ಎಷ್ಟು ಹೊಳೆಯುತ್ತಿತ್ತು! ಈಗ ಸೀಟಿಗೆ ಎಣ್ಣೆಗಪ್ಪು, ಬಾಗಿಲಿಗೆ ಭತ್ತದ ಟ್ರ್ಯಾಕ್ಟರು ತಾಗಿದ ತಗ್ಗು. "ಹಾಳಾತಲ್ರೀ ಭಾವ" ಎಂದೆ. ಅವರು ಹೇಳಿದ್ದು ಕೇಳಿ: "ಅಕ್ಕಾರ, ಕಾರ್ ಹಾಳಾತು, ಖರೆ. ಆದ್ರ ಆರೂವರಿಗೆ ಮನ್ಯಾಗ ಇರ್ತೀನಿ. ಸಣ್ಣಾವಗ ಮಗ್ಗಿ ಹೇಳಿಸೂದು ನಾನs." ಈ ಮಾತಿಗೆ ನನ್ನಲ್ಲಿ ಜವಾಬಿರಲಿಲ್ಲ. ಅವರ ದಾರಿ ನಮ್ಮದಕ್ಕಿಂತ ಹದಿನೈದು ಕಿ.ಮೀ. ಕಡಿಮೆ ಎಂದು ಮಾತ್ರ ಮನಸ್ಸಿನಲ್ಲೇ ಅಂದುಕೊಂಡೆ.

ಆ ಭಾನುವಾರ ಅತ್ತೆಯನ್ನು ಕಾರಿನಲ್ಲಿ ಇಟಗಿಗೆ ಕರೆದೊಯ್ದೆವು. ಹಿಂದೆ ಯಲಬುರ್ಗಾ ತಾಲೂಕು, ಈಗ ಕುಕನೂರಿಗೆ ಸೇರಿದೆ. ಅವರ ತವರು ಅಲ್ಲೇ ಹತ್ತಿರ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಆರು ವರ್ಷ ಆ ಕಡೆ ಹೋಗಿರಲಿಲ್ಲ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ನೀವು ನೋಡಿಲ್ಲವಾದರೆ ಒಮ್ಮೆ ನೋಡಲೇಬೇಕು. ಅಲ್ಲಿಯ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಕಡೆದು ತಿರುಗಿಸಿದಂಥ ಕಂಬಗಳು, ಮುಟ್ಟಿದರೆ ನುಣುಪು. ಅತ್ತೆ ಒಂದು ಕಂಬಕ್ಕೆ ಒರಗಿ ಕೂತು, ಚಿಕ್ಕವರಿದ್ದಾಗ ಇಲ್ಲಿ ಕುಂಟಾಬಿಲ್ಲೆ ಆಡಿದ್ದು ಹೇಳಿದರು. ಅವರು ಅಷ್ಟು ಮಾತಾಡಿದ್ದು ನಾನು ಕೇಳಿರಲೇ ಇಲ್ಲ. ಮರಳುವಾಗ ಕಾರಿನಲ್ಲೇ ನಿದ್ದೆ ಹೋದರು. ನಮ್ಮಣ್ಣ ಕೊಟ್ಟ ಹಣ ಎಲ್ಲಿಗೆ ಸೇರಬೇಕಿತ್ತೋ ಅಲ್ಲಿಗೆ ಸೇರಿತು ಅನ್ನಿಸಿತು.

ಕಾರು ದಿನಾ ಕುಷ್ಟಗಿಯ ಬಿಸಿಲಿನಲ್ಲಿ ನಿಂತರೆ ಅತ್ತೆಯ ಮಂಡಿ ಇಲ್ಲಿ ಬಾತಾಗ ಏನು ಮಾಡುವುದು? ಪೂರಾ ಬಸ್ಸೇ ಆದರೆ ಮಗಳಿಗೆ ಅಪ್ಪ ಎಲ್ಲಿ? ಎರಡಕ್ಕೂ ದಾರಿ ಹೇಳಿದ್ದು ಇವರ ಜೊತೆ ಓಡಾಡುವ ಅಕ್ಕೋರೊಬ್ಬರು. ಕೊಪ್ಪಳದಿಂದ ಕುಷ್ಟಗಿಗೆ ಹೋಗುವವರಲ್ಲಿ ಕಾರಿದ್ದವರು ಮೂವರು. ಒಬ್ಬೊಬ್ಬರು ಒಂದೊಂದು ವಾರ ತಮ್ಮ ಕಾರು ತರುವುದು, ಉಳಿದವರು ಅದರಲ್ಲೇ ಕೂರುವುದು. ಹಣ ಕೊಡುವ ಕೊಳ್ಳುವ ಮಾತಿಲ್ಲ. ಹಾಗೆ ಹಣ ಎತ್ತಿದರೆ ಅದು ಬಾಡಿಗೆಯಾಗುತ್ತದೆ, ಬಿಳಿ ಬೋರ್ಡಿನ ಕಾರಿಗೆ ಸಲ್ಲದು. ನಮ್ಮ ಕಾರಿಗೆ ಈಗ ತಿಂಗಳಿಗೆ 960 ಕಿ.ಮೀ., ಪೆಟ್ರೋಲು 6,400. ಅದೂ ಕಡಿಮೆಯೇನಲ್ಲ, ಹಾಲಿನವನ ಲೆಕ್ಕ ಬಿಗಿ ಮಾಡಿದ್ದೇನೆ. ನಮ್ಮವರು ಮೂರು ವಾರಕ್ಕೊಂದು ವಾರವಷ್ಟೇ ಸ್ಟಿಯರಿಂಗು ಹಿಡಿಯಬೇಕು, ಉಳಿದಾಗ ನಿದ್ದೆ. ಏಳಕ್ಕೆ ಮನೆಯಲ್ಲಿರುತ್ತಾರೆ. ಸುಗ್ಗಿ ಮುಗಿಯುವವರೆಗೆ ಮಾತ್ರ ನೆಲದಿಂದ ಎತ್ತರವಿರುವ ಇನ್ನೊಬ್ಬರ ಹಳೆಯ ಕಾರೇ ಹೋಗಲಿ ಎಂದು ಹೇಳಿಸಿದ್ದೇನೆ. "ನಿಮ್ಮದು ಚಂದಂದು ಅಂತ ಉಳಿಸ್ತೀರೇನ್ರೀ?" ಎಂದು ಅವರ ಮನೆಯಾಕೆ ಚುಚ್ಚಿದರು. ಕೊಬ್ಬರಿ ಹೋಳಿಗೆ ಒಯ್ದು ಕೊಟ್ಟು ಬಂದೆ, ಇನ್ನೇನು ಮಾಡಲಿ!

ನೀವೂ ಇಂಥ ಲೆಕ್ಕದಲ್ಲಿದ್ದರೆ ಒಂದು ಮಾತು. ದಾರಿಯಲ್ಲಿ ಟೋಲ್ ಇದ್ದರೆ ಅದನ್ನೂ ಬರೆದುಕೊಳ್ಳಿ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆಂದು ಬಂದ ವರ್ಷದ ಪಾಸು ಆಗ 3,000 ರೂಪಾಯಿಗೆ 200 ಸಲ ಇತ್ತು. ದಿನಾ ಹೋಗಿ ಬರುವವರಿಗೆ ಒಂದೇ ಟೋಲಿದ್ದರೂ ನಾಲ್ಕು ತಿಂಗಳಿಗೆ ಮುಗಿದುಹೋಗುತ್ತದೆ.

ನಾನೀಗ ಬೆಳಿಗ್ಗೆ ಆರಕ್ಕೆ ಡ್ರೈವಿಂಗ್ ಕಲಿಯಲು ಹೋಗುತ್ತೇನೆ. ಕಾರು ಮನೆಯಲ್ಲಿರುವ ವಾರ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವವರು ಯಾರು ಮತ್ತೆ? ಮೊನ್ನೆ ರಿವರ್ಸು ತೆಗೆಯುವಾಗ ಗೇಟಿಗೆ ತಾಗಿಸಿ ಹಿಂದಿನ ಬಾಗಿಲಿಗೆ ಒಂದು ಗೇಣು ಗೀರು ಎಳೆದೆ. ಸೀರೆ ಹೊಲಿದ ಹೊದಿಕೆ ಈಗ ಕಡಲೆ ಒಣಹಾಕಲು ಮಾಳಿಗೆಯ ಮೇಲಿದೆ.