ಟೆಂಡರು ತೆರೆದ ಮೇಲೆ

ಕುಪ್ಪಳ್ಳಿಗೆ ಬರುವವರು ನೋಡುವುದು ಕವಿಮನೆಯನ್ನು, ಕವಿಶೈಲವನ್ನು, ಸುತ್ತಲಿನ ಕಾಡನ್ನು. ಸರ್ಕಾರಿ ಖರೀದಿಯ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವರ ಕಣ್ಣು ಮೊದಲು ಹೋಗುವುದು ರಸ್ತೆ ಪಕ್ಕದ ಚರಂಡಿಗೆ, ಮೋರಿಯ ಬಾಯಿಗೆ, ಮಾಡಿನ ಅಂಚಿನ ಹೆಂಚಿಗೆ. ಇವೆಲ್ಲವೂ ಒಂದಲ್ಲ ಒಂದು ದಿನ ಯಾವುದೋ ಕಚೇರಿಯಲ್ಲಿ ಅಂದಾಜು ಪಟ್ಟಿಯಾಗಿ, ಟೆಂಡರಾಗಿ, ಕೊನೆಗೆ ಬಿಲ್ಲಾಗಿ ಸಾರ್ವಜನಿಕ ಹಣದಲ್ಲಿ ಕೊಂಡವು. 1992ರಲ್ಲಿ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಹುಟ್ಟಿದ ಮೇಲೆ ತೀರ್ಥಹಳ್ಳಿ ತಾಲೂಕಿನ ಈ ಪುಟ್ಟ ಊರಿಗೆ ಸರ್ಕಾರ ಕೊಂಡು ತಂದದ್ದು ಬಹಳ. ಅದೇ ಅವಧಿಯಲ್ಲಿ ಸರ್ಕಾರ ಕೊಳ್ಳುವ ರೀತಿಯೂ ಬುಡಮಟ್ಟ ಬದಲಾಯಿತು. ಆ ಬದಲಾವಣೆಯನ್ನು ಒಳಗಿನಿಂದ ಕಂಡವನಾಗಿ ಹೇಳಬೇಕಾದ ಮಾತು ಒಂದೇ: ಟೆಂಡರು ತೆರೆಯುವ ದಿನವನ್ನು ನಾವು ಸ್ವಚ್ಛ ಮಾಡಿದೆವು, ಆದರೆ ಅದರ ಹಿಂದಿನ ಮತ್ತು ಮುಂದಿನ ದಿನಗಳನ್ನು ಹಾಗೇ ಬಿಟ್ಟೆವು. ಕೆಲಸ ಒಳ್ಳೆಯದಾಗುವುದೋ ಕೆಡುವುದೋ ತೀರ್ಮಾನವಾಗುವುದು ಆ ಬಿಟ್ಟ ದಿನಗಳಲ್ಲಿ. ಮಲೆನಾಡಿನ ಮಳೆ ಇದನ್ನು ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಡುತ್ತದೆ.

ತೊಂಬತ್ತರ ದಶಕದ ಪದ್ಧತಿಯನ್ನು ಈಗ ನೆನಪಿಸಿಕೊಂಡು ಹಂಬಲಿಸುವವರಿದ್ದಾರೆ. ಹಂಬಲಿಸುವಂಥದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಟೆಂಡರು ಫಾರಂ ಕಚೇರಿಯಲ್ಲಿ ದುಡ್ಡು ಕಟ್ಟಿ ಪಡೆಯಬೇಕು. ಬೇಡದವನಿಗೆ ಫಾರಂ ‘ಮುಗಿದಿರುತ್ತಿತ್ತು’, ಇಲ್ಲವೇ ಕೊಡುವ ಗುಮಾಸ್ತ ರಜೆಯ ಮೇಲಿರುತ್ತಿದ್ದ. ಟೆಂಡರು ಪೆಟ್ಟಿಗೆಯ ಸುತ್ತ ಜನ ನಿಂತು ಯಾರು ಹಾಕಬೇಕು, ಯಾರು ಹಾಕಬಾರದು ಎಂದು ತೀರ್ಮಾನಿಸುವುದು ಅನೇಕ ಕಡೆ ಗುಟ್ಟಿನ ಸಂಗತಿಯೇ ಆಗಿರಲಿಲ್ಲ. ಗುತ್ತಿಗೆದಾರರು ತಮ್ಮತಮ್ಮಲ್ಲೇ ಹೊಂದಾಣಿಕೆ ಮಾಡಿಕೊಂಡು ಸರದಿಯಂತೆ ಕೆಲಸ ಹಂಚಿಕೊಳ್ಳುತ್ತಿದ್ದರು. ಸಣ್ಣ ಕೆಲಸಗಳನ್ನು ತುಂಡು ಮಾಡಿ, ತುಂಡು ಗುತ್ತಿಗೆಯ ಹೆಸರಿನಲ್ಲಿ ಪರಿಚಯದವರಿಗೆ ಕೊಡಲಾಗುತ್ತಿತ್ತು. ಒಂದು ಮಾತನ್ನು ಮಾತ್ರ ಆ ಕಾಲದ ಪರವಾಗಿ ಹೇಳಬೇಕು: ಆ ತುಂಡು ಗುತ್ತಿಗೆಯಲ್ಲಿ ಊರಿನ ಮೇಸ್ತ್ರಿಯೇ ಮೋರಿ ಕಟ್ಟುತ್ತಿದ್ದ. ಮೋರಿ ಒಡೆದರೆ ಅವನ ಮನೆ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿತ್ತು.

ತಮಿಳುನಾಡು 1998ರಲ್ಲಿ ಟೆಂಡರು ಪಾರದರ್ಶಕತೆಗೆ ಕಾಯ್ದೆ ಮಾಡಿತು. ಅದರ ಬೆನ್ನಿಗೇ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಬಂದು, 2000ದ ಅಕ್ಟೋಬರಿನಲ್ಲಿ ಜಾರಿಯಾಯಿತು. ಕಚೇರಿಗಳಲ್ಲಿ ಇದು ‘ಕೆ.ಟಿ.ಪಿ.ಪಿ.’ ಎಂದೇ ರೂಢಿ. ಟೆಂಡರನ್ನು ಪ್ರಕಟಿಸಲೇಬೇಕು. ಮೂಲ ನಿಯಮದಂತೆ 2 ಕೋಟಿ ರೂ.ವರೆಗಿನದಕ್ಕೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕಾಲಾವಕಾಶ ಕೊಡಬೇಕಿತ್ತು. ಅದನ್ನು ಕಡಿಮೆ ಮಾಡುವುದಾದರೆ ಮೇಲಧಿಕಾರಿ ಕಾರಣ ಬರೆದಿಡಬೇಕು. ತಿರಸ್ಕೃತನಾದವನಿಗೆ ಮೇಲ್ಮನವಿಯ ಹಕ್ಕು ಸಿಕ್ಕಿತು. 2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣ ಶುರುವಾಗಿ ಪೆಟ್ಟಿಗೆ, ಫಾರಂ, ಗುಮಾಸ್ತ ಮೂರೂ ಹೋದವು. ಡಿಜಿಟಲ್ ಸಹಿ ಇದ್ದವನು ತೀರ್ಥಹಳ್ಳಿಯಲ್ಲೇ ಕುಳಿತು ಬಳ್ಳಾರಿಯ ಕೆಲಸಕ್ಕೆ ದರ ನಮೂದಿಸಬಹುದಾಯಿತು, ಬಳ್ಳಾರಿಯವನು ಕುಪ್ಪಳ್ಳಿಯ ಕೆಲಸಕ್ಕೆ. ಇದು ದೊಡ್ಡ ಸುಧಾರಣೆ, ಅದರ ಬೆಲೆಯನ್ನು ಕಡಿಮೆ ಮಾಡಿ ಮಾತಾಡುವುದು ಅನ್ಯಾಯ. ಯಂತ್ರಕ್ಕೂ ಕನ್ನ ಹಾಕಬಹುದು ಎಂಬುದು ಬೇರೆ ಮಾತು: 2019ರಲ್ಲಿ ಅದೇ ಜಾಲತಾಣಕ್ಕೆ ನುಗ್ಗಿ 11.5 ಕೋಟಿ ರೂ. ದೋಚಲಾಯಿತು.

ಆದರೆ ಇಷ್ಟೆಲ್ಲ ಆದ ಮೇಲೆ, 2021ರ ಜುಲೈನಲ್ಲಿ, ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಕಾಮಗಾರಿಗಳಲ್ಲಿ 40 ಪರ್ಸೆಂಟ್ ಕೇಳುತ್ತಿದ್ದಾರೆ ಎಂದು ಆರೋಪಿಸಿತು. ಆರೋಪದ ಸತ್ಯಾಸತ್ಯ ತನಿಖೆಗೆ ಬಿಟ್ಟದ್ದು. ನನಗೆ ಮುಖ್ಯವೆನಿಸುವುದು ಬೇರೆ. ದರ ಪೈಪೋಟಿ ನಡೆದು, ಎಲ್ಲರಿಗಿಂತ ಕಡಿಮೆ ಕೇಳಿದವನಿಗೇ ಕೆಲಸ ಸಿಗುವ ವ್ಯವಸ್ಥೆಯಲ್ಲಿ ಇಂಥ ಆರೋಪ ಹುಟ್ಟುವುದಾದರೂ ಹೇಗೆ? ಅಂದಾಜಿನಲ್ಲೇ ಉಬ್ಬರವಿರಬೇಕು, ಇಲ್ಲವೇ ಮಾಡದ ಕೆಲಸಕ್ಕೆ ಅಳತೆ ಬರೆಯಬೇಕು. ಮೂರನೆಯ ದಾರಿ ಇಲ್ಲ. ಒಂದು ಟೆಂಡರಿಗೆ ಮುಂಚಿನದು, ಇನ್ನೊಂದು ನಂತರದ್ದು. ಎರಡರ ಮೇಲೂ ಜಾಲತಾಣದ ಬೆಳಕು ಬೀಳುವುದಿಲ್ಲ.

ಮುಂಚಿನದನ್ನು ಮೊದಲು ನೋಡೋಣ. ಕವಿಮನೆಯಂಥ ಅಂತಸ್ತಿನ ಹೆಂಚಿನ ಮನೆಯ ಮಾಡು ರಿಪೇರಿಯನ್ನು ಸರ್ಕಾರ ಕೊಳ್ಳಬೇಕು ಎಂದಿಟ್ಟುಕೊಳ್ಳಿ. ಹೆಂಚು ಇಳಿಸಬೇಕು, ಗಟ್ಟಿ ಇರುವುದನ್ನು ಬೇರೆ ಮಾಡಬೇಕು, ರೀಪು ಕಿತ್ತು ಪಕಾಸಿ ತಟ್ಟಿ ನೋಡಬೇಕು, ತೊಲೆಯ ತುದಿ ಗೋಡೆಯೊಳಗೆ ಕುಳಿತ ಜಾಗದಲ್ಲಿ ಗೆದ್ದಲು ಹತ್ತಿದೆಯೇ ಎಂದು ಉಳಿಯಿಂದ ಚುಚ್ಚಿ ತಿಳಿಯಬೇಕು. ಎಷ್ಟು ಪಕಾಸಿ ಕೊಳೆತಿವೆ ಎಂಬುದು ಹೆಂಚು ಇಳಿಸುವವರೆಗೂ ಯಾರಿಗೂ ಗೊತ್ತಾಗದು. ಆದರೆ ಅಂದಾಜು ಪಟ್ಟಿ ಬರೆಯುವುದು ಹೆಂಚು ಇಳಿಸುವ ಮುಂಚೆ. ಎಸ್.ಆರ್. ದರಪಟ್ಟಿಯಿಂದ ಚದರ ಮೀಟರಿಗೆ ಇಷ್ಟು, ಘನ ಮೀಟರಿಗೆ ಇಷ್ಟು ಎಂದು ಎತ್ತಿ ಬರೆದು ಮುಗಿಸುತ್ತಾರೆ. ಕೆಲಸ ಶುರುವಾಗಿ ಹತ್ತು ಪಕಾಸಿ ಹೆಚ್ಚು ಕೊಳೆತದ್ದು ಕಂಡರೆ ಅದು ‘ಎಕ್ಸ್‌ಟ್ರಾ ಐಟಂ’. ಅದಕ್ಕೆ ಮೇಲಿನಿಂದ ಮಂಜೂರಾತಿ ಬರಬೇಕು, ಬರುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ಹಾಗಾಗಿ ಅರೆ ಕೊಳೆತ ಪಕಾಸಿಯೇ ಮತ್ತೆ ಮೇಲೇರುತ್ತದೆ, ಅಥವಾ ಜಾಣ ಅಧಿಕಾರಿ ಮೊದಲೇ ಎಲ್ಲ ಪಕಾಸಿಯೂ ಹೊಸದು ಎಂದು ಬರೆದು ಬಿಡುತ್ತಾನೆ. ಹಳೇ ಮನೆಯ ಗಟ್ಟಿ ಮರ ಹಾಗೆ ಮಾಯವಾಗುತ್ತದೆ. ಇದರಲ್ಲಿ ಟೆಂಡರು ಎಷ್ಟು ಪಾರದರ್ಶಕವಾಗಿದ್ದರೇನು? ಕೇಳಿದ ಪ್ರಶ್ನೆಯೇ ತಪ್ಪಿದ್ದರೆ ಅತಿ ಕಡಿಮೆ ದರದ ಉತ್ತರವೂ ತಪ್ಪೇ. ಕವಿಶೈಲದ ಮೇಲೆ ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಭಾರೀ ಬಂಡೆಗಳ ಆ ಜೋಡಣೆಯನ್ನು ದರಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಟನ್ನಿಗೆ ಕಲ್ಲಿನ ದರ, ಸಾಗಣೆಯ ದರ ಮಾತ್ರ.

ಹಳ್ಳ ದಾಟುವ ಕಾಲುಸಂಕದ ವಿಚಾರ ಇನ್ನೂ ಗಂಭೀರ. ತೀರ್ಥಹಳ್ಳಿ, ಹೊಸನಗರ, ಸಾಗರದ ಎಷ್ಟೋ ಹಳ್ಳಿಗಳಲ್ಲಿ ಅಡಿಕೆ ಮರದ ದಬ್ಬೆ ಜೋಡಿಸಿದ ಸಂಕದ ಮೇಲೇ ಮಕ್ಕಳು ಶಾಲೆಗೆ ಹೋಗುತ್ತಾರೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿ ಸಂಕದಿಂದ ಜಾರಿ ನೀರುಪಾಲಾದ ಮೇಲೆ ಇಡೀ ಮಲೆನಾಡು, ಕರಾವಳಿಯಲ್ಲಿ ಸಂಕಗಳ ಮಾತೆದ್ದಿತು. ಸಂಕಕ್ಕೆ ಅಂದಾಜು ಮಾಡಲು ಹಳ್ಳ ಬತ್ತಿರುವ ಜನವರಿಯಲ್ಲಿ ಹೋದವನಿಗೆ ಕಾಣುವುದು ನಾಲ್ಕು ಹೆಜ್ಜೆ ಅಗಲದ ಕಲ್ಲು ಹಾಸು. ಆಷಾಢದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ, ಯಾವ ದಂಡೆ ಕೊರೆಯುತ್ತದೆ ಎಂದು ತಿಳಿದಿರುವುದು ಆಚೆ ದಡದ ತೋಟದವರಿಗೆ. ಅವರನ್ನು ಕೇಳಿ ಬರೆದ ಅಂದಾಜಿಗೂ ಕೇಳದೆ ಬರೆದ ಅಂದಾಜಿಗೂ ಟೆಂಡರು ಒಂದೇ ರೀತಿ ನಡೆಯುತ್ತದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ತೂಗುಸೇತುವೆ, ಆ ಬಳಿಕ ಅವರು ಕಟ್ಟಿದ ನೂರಕ್ಕೂ ಹೆಚ್ಚು ತೂಗುಸೇತುವೆಗಳು ಕಾಂಕ್ರೀಟು ಸೇತುವೆಗಿಂತ ಎಷ್ಟೋ ಅಗ್ಗವಾದದ್ದು ಯಾರೋ ದರ ಕಡಿಮೆ ಕೇಳಿದ್ದರಿಂದಲ್ಲ. ಅಲ್ಲಿ ಬೇಕಾದದ್ದು ಲಾರಿ ದಾಟುವುದಲ್ಲ, ಜನ ದಾಟುವುದು ಎಂದು ಮೊದಲೇ ಸರಿಯಾಗಿ ಗೊತ್ತು ಮಾಡಿಕೊಂಡಿದ್ದರಿಂದ.

ಇನ್ನು ಟೆಂಡರಿನ ನಂತರದ ದಿನಗಳು, ಅವನ್ನು ಆಳುವ ಕ್ಯಾಲೆಂಡರು. ತೀರ್ಥಹಳ್ಳಿ ತಾಲೂಕಿನ ಆಗುಂಬೆ, ಹೊಸನಗರ ತಾಲೂಕಿನ ಹುಲಿಕಲ್ಲು ಇವೆರಡೂ ವರ್ಷಕ್ಕೆ 7,000 ಮಿ.ಮೀ. ಆಸುಪಾಸಿನ ಮಳೆಯ ಊರುಗಳು. ಇಲ್ಲಿ ಮಣ್ಣು, ಕಾಂಕ್ರೀಟು, ಡಾಂಬರಿನ ಕೆಲಸಕ್ಕೆ ಸಿಗುವುದು ದೀಪಾವಳಿಯ ನಂತರದಿಂದ ಮೇ ತನಕ. ಸರ್ಕಾರದ ಹಣದ ವರ್ಷ ಏಪ್ರಿಲಿನಲ್ಲಿ ಶುರು. ಅನುದಾನ ಹಂಚಿಕೆಯಾಗಿ, ಅಂದಾಜು ಮಂಜೂರಾಗಿ, ಟೆಂಡರು ಮುಗಿದು ಕಾರ್ಯಾದೇಶ ಕೈಗೆ ಬರುವಾಗ ಒಳ್ಳೆಯ ಬಿಸಿಲಿನ ಅರ್ಧ ಹೋಗಿರುತ್ತದೆ. ಉಳಿದರ್ಧದ ಕೊನೆಗೆ ಮಾರ್ಚ್ 31 ನಿಂತಿರುತ್ತದೆ. ಅಷ್ಟರೊಳಗೆ ಬಿಲ್ಲಾಗದಿದ್ದರೆ ಹಣ ವಾಪಸು. ಆ ವಾರಗಳಲ್ಲಿ ಒಬ್ಬ ಜೆ.ಇ. (ಕಿರಿಯ ಎಂಜಿನಿಯರ್) ಹತ್ತಾರು ಕೆಲಸಗಳ ಎಂ.ಬಿ. ಬರೆಯುತ್ತಾನೆ. ಎಂ.ಬಿ. ಎಂದರೆ ಅಳತೆ ಪುಸ್ತಕ: ಉದ್ದ, ಅಗಲ, ಆಳ, ಸಂಖ್ಯೆ, ಕೆಳಗೆ ಸಹಿ. ಚರಂಡಿಯ ತಳಕ್ಕೆ ಹಾಕಿದ ಕಾಂಕ್ರೀಟು 10 ಸೆಂ.ಮೀ. ದಪ್ಪವಿದೆ ಎಂದು ಅಲ್ಲಿ ಬರೆದರೆ ಖಜಾನೆಯ ಪಾಲಿಗೆ ಅದು 10 ಸೆಂ.ಮೀ. ತಾನು ನಿಂತು ಅಳೆದದ್ದೋ, ಗುತ್ತಿಗೆದಾರ ಹೇಳಿದ್ದೋ ಎಂಬುದು ಆ ಪುಟದಲ್ಲಿ ಕಾಣುವುದಿಲ್ಲ. ಅವನ ಮೇಲಧಿಕಾರಿ ಎ.ಇ.ಇ. ಬಂದು ಮರು ಅಳತೆ ಮಾಡುವ ಹೊತ್ತಿಗೆ ಮೇಲೆ ಪ್ಲಾಸ್ಟರು ಬಿದ್ದಿರುತ್ತದೆ. ಜುಲೈಯಲ್ಲಿ ಧರೆಯ ನೀರು ಬಂದು ಚರಂಡಿಯ ತಳ ಎದ್ದಾಗ ದಪ್ಪ ಎಷ್ಟಿತ್ತೆಂದು ಎಲ್ಲರಿಗೂ ತಿಳಿಯುತ್ತದೆ, ಬಿಲ್ಲು ಪಾಸಾಗಿ ತಿಂಗಳುಗಳಾದ ಮೇಲೆ.

ಅಂದಾಜು, ಅಳತೆ ಎರಡನ್ನೂ ಸರಿಪಡಿಸಬೇಕು ಎಂದರೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಅಧಿಕಾರಿಗೆ ಮತ್ತೆ ಸ್ವಾತಂತ್ರ್ಯ ಕೊಟ್ಟರೆ ಹಳೇ ಪೆಟ್ಟಿಗೆಯ ಕಾಲ ತಿರುಗಿ ಬರುವುದಿಲ್ಲವೇ? ಯಾರಿಗೆ ಕೆಲಸ ಕೊಡಬೇಕು ಎನ್ನುವ ಸ್ವಾತಂತ್ರ್ಯವನ್ನು ನಾನು ಕೇಳುತ್ತಿಲ್ಲ. ಅದು ಯಂತ್ರದ ಕೈಯಲ್ಲೇ ಇರಲಿ. ಏನು ಬೇಕು ಎಂದು ಬರೆಯುವ ಹೊಣೆ ಮತ್ತು ಏನು ಬಂತು ಎಂದು ಅಳೆಯುವ ಹೊಣೆ, ಇವೆರಡಕ್ಕೆ ಸಮಯ, ಜನ, ಗೌರವ ಕೊಡಿ ಎಂಬುದಷ್ಟೇ ವಾದ. ತುರ್ತಿನ ನೆಪದಲ್ಲಿ ಟೆಂಡರನ್ನೇ ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ಪ್ರಕೃತಿ ವಿಕೋಪಕ್ಕೆ ಕಾಯ್ದೆಯ ಸೆಕ್ಷನ್ 4(ಎ)ಯ ವಿನಾಯಿತಿ ಇದೆ, ಅದು ಇರಲೇಬೇಕು. ಗುಡ್ಡ ಕುಸಿದು ದಾರಿ ಮುಚ್ಚಿದಾಗ ಟೆಂಡರಿನ ಅವಧಿ ಮುಗಿಯುವವರೆಗೆ ಕಾಯಿರಿ ಎನ್ನಲಾಗದು. ಆದರೆ 4(ಜಿ) ಅಡಿಯಲ್ಲಿ ವಿನಾಯಿತಿ ಪಡೆದು ಸಮುದಾಯ ಭವನವನ್ನೂ ಕಾಂಪೌಂಡನ್ನೂ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ನೇರವಾಗಿ ವಹಿಸುವಾಗ ಪೈಪೋಟಿಯೂ ಹೋಗುತ್ತದೆ, ಅಳತೆಯ ದೌರ್ಬಲ್ಯ ಇದ್ದಲ್ಲೇ ಇರುತ್ತದೆ.

ಇನ್ನೊಂದು ಆಕ್ಷೇಪ ಪರಿಶಿಷ್ಟ ಗುತ್ತಿಗೆದಾರರ ಮೀಸಲಾತಿಯ ಸುತ್ತ ಏಳುತ್ತದೆ. ಕಾಯ್ದೆಗೆ ತಿದ್ದುಪಡಿಯಾಗಿ 50 ಲಕ್ಷ ರೂ.ವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲಾಯಿತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಗುಣಮಟ್ಟ ಕುಸಿಯುತ್ತದೆ ಎಂದವರುಂಟು. ಗುತ್ತಿಗೆದಾರನ ಜಾತಿ ನೋಡಿ ಕಾಂಕ್ರೀಟು ಗಟ್ಟಿಯಾಗುವುದಿಲ್ಲ, ಅಳೆಯುವವನು ನಿಂತು ನೋಡಿದರೆ ಗಟ್ಟಿಯಾಗುತ್ತದೆ. ನಾಲ್ಕಾರು ಊರಿನ ಕೆಲಸಗಳನ್ನು ಒಟ್ಟು ಕಟ್ಟಿ ‘ಪ್ಯಾಕೇಜ್’ ಮಾಡಿದಾಗ ಊರಿನ ಸಣ್ಣ ಗುತ್ತಿಗೆದಾರ ಅರ್ಹತೆಯ ಷರತ್ತಿನಲ್ಲೇ ಹೊರಗುಳಿಯುತ್ತಾನಲ್ಲ, ಅದರ ಬಗ್ಗೆ ಇಷ್ಟು ಗದ್ದಲವಾಗುವುದಿಲ್ಲ. ಮೀಸಲಾತಿಯ ತಿದ್ದುಪಡಿಯಿಂದ ಕಾಯ್ದೆಯೇ ಒಪ್ಪಿಕೊಂಡ ಸಂಗತಿಯೊಂದಿದೆ: ಸಾರ್ವಜನಿಕ ಖರೀದಿಯ ಗುರಿ ಕಡಿಮೆ ದರವೊಂದೇ ಅಲ್ಲ. ಕೇಂದ್ರ ಹಣಕಾಸು ಸಚಿವಾಲಯವೂ 2021ರ ಅಕ್ಟೋಬರಿನ ಸೂಚನೆಗಳಲ್ಲಿ ಕೆಲವು ಕಾಮಗಾರಿಗಳಿಗೆ ಗುಣಮಟ್ಟಕ್ಕೂ ಅಂಕ ಕೊಟ್ಟು ಆರಿಸಲು ದಾರಿ ಮಾಡಿತು. ಸಣ್ಣ ಮೋರಿ, ಸಂಕಗಳಿಗೆ ಆ ದೊಡ್ಡ ಲೆಕ್ಕಾಚಾರ ಬೇಕಿಲ್ಲ, ಸರಿಯಾದ ಅಂದಾಜು ಸಾಕು.

ಮೂರನೇ ವ್ಯಕ್ತಿ ತಪಾಸಣೆ ಇದೆಯಲ್ಲ ಎನ್ನುವವರಿಗೆ ಹೇಳಬೇಕಾದ್ದು ಕಡಿಮೆ: ಕಾಂಕ್ರೀಟು ಹಾಕುವ ದಿನ ಅವರು ಅಲ್ಲಿರುವುದು ಅಪರೂಪ. ಆ ದಿನ ಅಲ್ಲಿರುವವರು ಊರಿನವರು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದ ಮೇಲೆ ಎಂ.ಬಿ. ಪುಟದ ನಕಲನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಆದರೆ ಸಾಮಾನ್ಯವಾಗಿ ಅದು ಕೈಗೆ ಬರುವುದು ಬಿಲ್ಲಾದ ಮೇಲೆ, ಜಗಳಕ್ಕೆ ಸಾಕ್ಷಿಯಾಗಿ. ಟೆಂಡರಿನ ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಎಂ.ಬಿ. ಪುಟವೂ ಬರೆದ ವಾರದಲ್ಲೇ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಬರಬೇಕು, ಕೊನೆಯ ಬಿಲ್ಲಿನ ಒಂದು ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡಬೇಕು, ಆ ಹಣ ಮಾರ್ಚ್ ಮುಗಿದರೂ ವಾಪಸು ಹೋಗದಂತೆ ಖಜಾನೆ ನಿಯಮ ಮಾಡಬೇಕು. ಇದಕ್ಕೆ ಹೊಸ ಜಾಲತಾಣವಾಗಲಿ ಹೊಸ ಕಾಯ್ದೆಯಾಗಲಿ ಬೇಡ. ಬೇಕಾದದ್ದು ಪ್ರತಿ ಸೆಕ್ಷನ್ನಿಗೆ ಅಳತೆಗೆ ಸಾಕಾಗುವಷ್ಟು ಜೆ.ಇ.ಗಳು, ಮತ್ತು ಅಂದಾಜು ಬರೆಯುವ ಮುಂಚೆ ಒಂದು ಸಲವಾದರೂ ಜುಲೈ ತಿಂಗಳಲ್ಲಿ ಆ ಹಳ್ಳವನ್ನು ನೋಡಿರಬೇಕು ಎಂಬ ಒಂದು ಸುತ್ತೋಲೆ.