ಹೆಪ್ಪುಗಟ್ಟಿದ ಕಡಲಿನ ಮೇಲೊಂದು ಸಂಸಾರ

ನಮ್ಮ ಹೊಸಹಳ್ಳಿಯಲ್ಲಿ ಧನುರ್ಮಾಸದ ಚಳಿಯೆಂಬುದು ಬೆಳಗಿನ ನಾಲ್ಕು ಗಳಿಗೆಯ ಮಾತು. ಕಂಬಳಿ ಹೊದ್ದು ಜಗಲಿಯ ಮೇಲೆ ಕುಳಿತಿರುವಷ್ಟರಲ್ಲಿ ಬಿಸಿಲು ಬಂದು ಅದನ್ನು ಓಡಿಸುವುದು. ಇಂಥ ಊರಿನ ಶಾಲೆಯಲ್ಲಿ ಸಂಸ್ಕೃತದೊಡನೆ ಭೂಗೋಳವನ್ನೂ ಹೇಳಿಕೊಡುತ್ತಿದ್ದ ನಾನು, "ಎಸ್ಕಿಮೋ ಜನರು ಮಂಜಿನ ಮನೆಯಲ್ಲಿದ್ದು ಹಸಿಮಾಂಸವನ್ನು ತಿನ್ನುವರು" ಎಂದು ಒಂದೇ ವಾಕ್ಯದಲ್ಲಿ ಪಾಠ ಮುಗಿಸಿ ಹುಡುಗರೊಡನೆ ನಕ್ಕುಬಿಡುತ್ತಿದ್ದೆನು. ನಿವೃತ್ತನಾದ ಮೇಲೆ ಅವರ ವೃತ್ತಾಂತವನ್ನು ಓದಿದಾಗ ಆ ನಗೆಗಾಗಿ ನಾಚಿಕೆಯಾಯಿತು. ವಾಚಕರು ಮನೋರಥವನ್ನೇರಿಯಾದರೂ ಒಮ್ಮೆ ನನ್ನೊಡನೆ ಅಲ್ಲಿಗೆ ಬರಬೇಕು.

ಅವರು ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುವರು. ಆ ಶಬ್ದಕ್ಕೆ ಮನುಷ್ಯರು ಎಂದೇ ಅರ್ಥ. ಕೆನಡಾ ದೇಶದ ಉತ್ತರದಲ್ಲಿ, ಸುಮಾರು 69ನೆಯ ಅಕ್ಷಾಂಶದಲ್ಲಿರುವ ಇಗ್ಲೂಲಿಕ್ ಅವರ ಊರುಗಳಲ್ಲೊಂದು. ನವೆಂಬರಿನ ಕೊನೆಯ ಹೊತ್ತಿಗೆ ಅಲ್ಲಿ ಮುಳುಗಿದ ಸೂರ್ಯನು ಜನವರಿಯ ನಡುವಿನವರೆಗೆ ಮುಖ ತೋರಿಸನು. ಮೇರುವಿನಲ್ಲಿರುವ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ಸೂರ್ಯಸಿದ್ಧಾಂತವು ಹೇಳುವುದಷ್ಟೆ. ಇವರನ್ನು ಆ ಮೇರುವಿನ ತಪ್ಪಲಿನವರೆಂದರೆ ತಪ್ಪಾಗಲಾರದು.

ಹಿಂದಿನ ಕಾಲದಲ್ಲಿ ಚಳಿಗಾಲ ಬಲಿಯಿತೆಂದರೆ ಹಲವು ಸಂಸಾರಗಳು ಹೆಪ್ಪುಗಟ್ಟಿದ ಕಡಲಿನ ಮೇಲೆಯೇ ಹೋಗಿ ನೆಲಸುತ್ತಿದ್ದುವು. ಗಟ್ಟಿ ಹಿಮವನ್ನು ಇಟ್ಟಿಗೆಗಳಂತೆ ಕೊಯ್ದು, ಸುರುಳಿಯಾಗಿ ಏರಿಸಿ ಮನೆ ಕಟ್ಟುವರು. ಬಾಗಿಲು ತಗ್ಗಿನಲ್ಲಿ, ಮಲಗುವ ಜಗಲಿ ಎತ್ತರದಲ್ಲಿ. ಬೆಚ್ಚನೆಯ ಗಾಳಿ ಮೇಲೇರುವುದರಿಂದ ಮಲಗಿದವರಿಗೆ ಹಿತ. ಕಟ್ಟಿಗೆಯೆಂಬುದಿಲ್ಲ. ಬಳಪದ ಕಲ್ಲಿನ ದೊಡ್ಡ ಹಣತೆಗೆ ಸೀಲ್ ಎಂಬ ಕಡಲ ಪ್ರಾಣಿಯ ಕೊಬ್ಬನ್ನು ತುಂಬಿ, ಪಾಚಿಯ ಬತ್ತಿಯಿಟ್ಟು ಉರಿಸುವರು. ಬೆಳಕು, ಶಾಖ, ಹಿಮ ಕರಗಿಸಿದ ಕುಡಿಯುವ ನೀರು, ಒಣಗಿದ ಬಟ್ಟೆ, ಎಲ್ಲವೂ ಅದೊಂದರಿಂದಲೇ. ಬತ್ತಿಯನ್ನು ಸರಿಪಡಿಸುತ್ತಿರುವುದು ಗೃಹಿಣಿಯ ಕೆಲಸ. ಇದನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆ, "ಹಾಗಾದರೆ ಅವಳಿಗೆ ಪಾಪ ನಿದ್ದೆಯೇ ಇಲ್ಲ" ಎಂದಳು.

ಆ ಹಣತೆಯ ಕೊಬ್ಬು ಬರುವ ಬಗೆ ಹೀಗೆ. ಸೀಲ್ ಮಂಜುಗಡ್ಡೆಯ ಕೆಳಗೆ ಈಜುತ್ತಿದ್ದರೂ ಉಸಿರಿಗಾಗಿ ಮೇಲೆ ಬರಲೇಬೇಕು. ಅದಕ್ಕಾಗಿ ಉಗುರಿನಿಂದ ಕೆರೆದು ಕೆರೆದು ಹಲವು ರಂಧ್ರಗಳನ್ನು ಮುಚ್ಚದಂತೆ ಇಟ್ಟುಕೊಳ್ಳುವುದು. ಹಿಮದಡಿ ಅಡಗಿದ ಆ ರಂಧ್ರವನ್ನು ನಾಯಿ ಮೂಸಿ ತೋರಿಸುವುದು. ಬೇಟೆಗಾರನು ಅದರೊಳಗೆ ಸಣ್ಣ ಎಲುಬಿನ ಕಡ್ಡಿಯನ್ನೋ ಗರಿಯನ್ನೋ ಇಳಿಬಿಟ್ಟು, ಕಾಲಡಿಗೆ ತೊಗಲನ್ನು ಹಾಸಿಕೊಂಡು, ಬಾಗಿ ನಿಲ್ಲುವನು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಕಾಲು ಕದಲಿಸದೆ, ಕೆಲವೊಮ್ಮೆ ದಿನವೆಲ್ಲ! ನಾವು ಬಕಧ್ಯಾನವೆಂದು ಹಳಿಯುತ್ತೇವೆ. ಈ ಧ್ಯಾನದ ಹಿಂದೆ ಮಕ್ಕಳ ಹಸಿವಿತ್ತು. ಕಡ್ಡಿ ಅಲುಗಿದೊಡನೆಯೇ ಈಟಿ ಇಳಿಯಬೇಕು. ಅದರ ಮೊನೆ ಕಳಚಿಕೊಂಡು ತೊಗಲಿನೊಳಗೆ ಅಡ್ಡ ತಿರುಗುವುದರಿಂದ ಹಗ್ಗ ಹಿಡಿದವನ ಕೈಯಿಂದ ಪ್ರಾಣಿ ತಪ್ಪದು.

ಮುಂದಿನದು ನನ್ನನ್ನು ಬಹಳ ಹೊತ್ತು ಯೋಚನೆಗೀಡುಮಾಡಿತು. ಸತ್ತ ಸೀಲಿನ ಬಾಯಿಗೆ ಅವರು ಸಿಹಿನೀರನ್ನು ಬಿಡುವರು. ಉಪ್ಪುನೀರಿನಲ್ಲಿ ಬಾಳಿದ ಜೀವ ಬಾಯಾರಿರುವುದೆಂಬ ಭಾವನೆಯಿಂದ. ನಮ್ಮಲ್ಲಿ ಗಂಗೋದಕ ಬಿಡುವುದು ನೆನಪಾಗದಿರುವುದೆ? ಮಾಂಸವನ್ನೂ ಒಬ್ಬನೇ ಇಟ್ಟುಕೊಳ್ಳುವಂತಿಲ್ಲ, ಹಂಚಬೇಕು. ಮನೆಯ ಪತ್ರಿಕೆಯಲ್ಲಿ ಮಾಂಸದ ಮಾತೇಕೆಂದು ಕೆಲವರು ಹುಬ್ಬು ಗಂಟಿಕ್ಕಿಯಾರು. ಜೋಳ ಬೆಳೆಯದ, ಮರ ಹುಟ್ಟದ ನೆಲದಲ್ಲಿ ಬೇರೆ ಗತಿಯೇನು?

ಸೂರ್ಯನು ಮರಳಿದ ದಿನ ಮನೆಮನೆಯ ಹಣತೆಗಳನ್ನು ಆರಿಸಿ, ಒಂದೇ ಹೊಸ ಕಿಡಿಯಿಂದ ಎಲ್ಲವನ್ನೂ ಹೊತ್ತಿಸುವ ಸಂಪ್ರದಾಯ ಇಗ್ಲೂಲಿಕ್‌ನಲ್ಲಿತ್ತು.

1950ರ ಮತ್ತು 1960ರ ದಶಕಗಳಲ್ಲಿ ಈ ಜನರು ಹೆಚ್ಚಾಗಿ ನೆಲೆನಿಂತ ಊರುಗಳಿಗೆ ಬಂದರು. 1999ರ ಏಪ್ರಿಲ್ 1ರಂದು ನುನಾವುಟ್ ಎಂಬ ಅವರ ಪ್ರಾಂತವೇ ಏರ್ಪಟ್ಟಿತು. ಈಗ ಹಿಮದ ಮೇಲೆ ಯಂತ್ರದ ಬಂಡಿ ಓಡುವುದು. ಸೀಲಿನ ಬೇಟೆ ಮಾತ್ರ ನಿಂತಿಲ್ಲ. ಆದರೆ ಲೋಕದ ಬಿಸಿಯೇರಿ ಕಡಲು ತಡವಾಗಿ ಹೆಪ್ಪುಗಟ್ಟಿ ಬೇಗ ಒಡೆಯತೊಡಗಿದೆ. ಅಜ್ಜನು ಗಟ್ಟಿಯೆಂದು ತೋರಿಸಿದ ದಾರಿಯಲ್ಲಿಯೂ ಮೊಮ್ಮಗನು ಈಟಿಯಿಂದ ಕುಟ್ಟಿ ನೋಡಿಯೇ ಹೆಜ್ಜೆಯಿಡಬೇಕಾಗಿದೆ.