ಮಾಮನ ಅಂಗಡಿಯ ಹೆಸರು ಯಾರ ಇಮೇಲ್‌ನಲ್ಲಿತ್ತು?

ನನ್ನ ಮಾಮ ಬಂಟ್ವಾಳ ಬಿಟ್ಟು ರಾಯದುರ್ಗಕ್ಕೆ ಹೋಗಿ ಇಪ್ಪತ್ತೈದು ವರ್ಷ ದಾಟಿತು. ಜೀನ್ಸ್ ಹೊಲಿಗೆಗೆ ಹೆಸರಾದ ಊರು ಅದು. ಮಾಮನದೂ ಅಲ್ಲೊಂದು ಸಣ್ಣ ಹೊಲಿಗೆ ಘಟಕವಿದೆ, ಮಡಕಶಿರದಲ್ಲಿ ಒಂದು ಅಂಗಡಿಯಿದೆ. ಎರಡೂ ಆಂಧ್ರದ ಊರುಗಳಾದರೂ ಪೇಟೆಯಲ್ಲಿ ಕನ್ನಡ ಚೆನ್ನಾಗಿಯೇ ನಡೆಯುತ್ತದೆ. ಮಾಮನಿಗೆ ಮನೆಯೊಳಗೆ ಬ್ಯಾರಿ, ಗಿರಾಕಿಗಳ ಜೊತೆ ಕನ್ನಡ, ಸರ್ಕಾರಿ ಕಚೇರಿಯಲ್ಲಿ ತೆಲುಗು.

2022ರ ಏಪ್ರಿಲ್ 4ರಂದು ಆಂಧ್ರದಲ್ಲಿ ಹೊಸ ಜಿಲ್ಲೆಗಳಾದವು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಆಗ ರಂಝಾನ್ ಶುರುವಾಗಿತ್ತು. ಮಾಮ ಫೋನ್ ಮಾಡಿ, "ಮೋನೆ, ನಮ್ಮ ವೆಬ್‌ಸೈಟಿನಲ್ಲಿ ಮಡಕಶಿರ ಅಂಗಡಿಯ ವಿಳಾಸದಲ್ಲಿ ಜಿಲ್ಲೆಯ ಹೆಸರು ಬದಲಿಸಿಬಿಡು. ಐದು ನಿಮಿಷದ ಕೆಲಸ" ಎಂದರು.

ಆ ಐದು ನಿಮಿಷದ ಕೆಲಸಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಪಾಸ್‌ವರ್ಡ್ ಮಾಮನ ಬಳಿ ಇರಲಿಲ್ಲ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೆ ಹೊಸ ಲಿಂಕ್ ಯಾವುದೋ ಕಾಲೇಜಿನ ಇಮೇಲ್‌ಗೆ ಹೋಯಿತು. ವಿಚಾರಿಸಿದಾಗ ವಿಷಯ ತಿಳಿಯಿತು. 2017ರಲ್ಲಿ ಬಳ್ಳಾರಿಯ ಒಬ್ಬ ಹುಡುಗ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಡೊಮೈನ್ ನೋಂದಾಯಿಸುವಾಗ ತನ್ನ ಕಾಲೇಜಿನ ಇಮೇಲ್ ಹಾಕಿದ್ದ. ಓದು ಮುಗಿದ ಮೇಲೆ ಕಾಲೇಜು ಆ ಇಮೇಲ್ ಮುಚ್ಚಿತ್ತು, ಹುಡುಗ ಗಲ್ಫ್‌ಗೆ ಹೋಗಿದ್ದ. ಅವನದು ಮೋಸವಲ್ಲ, ಯಾರೂ ಯೋಚಿಸಿರಲಿಲ್ಲ ಅಷ್ಟೆ.

ಡೊಮೈನ್ ನವೀಕರಣದ ದಿನ ಎರಡೇ ವಾರದಲ್ಲಿತ್ತು. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ರಿಜಿಸ್ಟ್ರಾರ್ ನೆನಪಿನ ಪತ್ರ ಕಳಿಸಬೇಕು. ಡಾಟ್ ಕಾಮ್‌ನಂಥ ಹೆಸರುಗಳಿಗೆ ಐಕ್ಯಾನ್ ಮಾಡಿದ ನಿಯಮ ಇದು. ಕಳಿಸಿಯೂ ಇದ್ದಿರಬಹುದು. ಆದರೆ ಆ ಪತ್ರ ತೆರೆಯುವವರು ಯಾರೂ ಇರಲಿಲ್ಲ.

ಪೆರ್ನಾಲ್‌ಗೆ ಎರಡು ವಾರ ಇರುವಾಗ ವೆಬ್‌ಸೈಟ್ ನಿಂತಿತು. ಅಂಗಡಿಯ ಇಮೇಲ್ ಕೂಡ ಅದೇ ಡೊಮೈನ್‌ನಲ್ಲಿದ್ದುದರಿಂದ ಅದೂ ನಿಂತಿತು. ಹಿಂದೂಪುರದ, ಶಿರಾದ ವ್ಯಾಪಾರಿಗಳ ಆರ್ಡರ್‌ಗಳು ಬರುತ್ತಿದ್ದುದು ಅದೇ ಇಮೇಲ್‌ಗೆ. ವರ್ಷದ ದೊಡ್ಡ ವ್ಯಾಪಾರದ ದಿನಗಳಲ್ಲಿ ಫೋನ್ ಮಾಡಿದವರಿಗಷ್ಟೇ ಮಾಲು ಹೋಯಿತು.

ನಮ್ಮ ಅದೃಷ್ಟಕ್ಕೆ ನೋಂದಣಿಯಲ್ಲಿ ಸಂಸ್ಥೆಯ ಹೆಸರಿನ ಜಾಗದಲ್ಲಿ ಆ ಹುಡುಗ ಅಂಗಡಿಯ ಹೆಸರನ್ನೇ ಬರೆದಿದ್ದ. ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ಹಳೆಯ ಬಿಲ್ ಎಲ್ಲ ಕಳಿಸಿ, ಮತ್ತೆ ಮತ್ತೆ ಫೋನ್ ಮಾಡಿ, ದಂಡ ಕಟ್ಟಿ ಪೆರ್ನಾಲ್ ಮುಗಿದು ಎರಡು ವಾರಕ್ಕೆ ಡೊಮೈನ್ ವಾಪಸ್ ಪಡೆದೆವು. ಅಲ್ಲಿ ಅವನ ಹೆಸರಷ್ಟೇ ಇದ್ದಿದ್ದರೆ? ಇನ್ನಷ್ಟು ತಡವಾಗಿ ಆ ಹೆಸರನ್ನು ಬೇರೆ ಯಾರಾದರೂ ಕೊಂಡಿದ್ದರೆ?

ಆಗ ನನಗೆ ಅರ್ಥವಾದದ್ದು ಇಷ್ಟು. ಡೊಮೈನ್ ಅಂಗಡಿಯ ಬೋರ್ಡ್ ಇದ್ದ ಹಾಗೆ, ಅದರ ಕೀಲಿಕೈ ಆ ಇಮೇಲ್. ಪಾಸ್‌ವರ್ಡ್ ಬದಲಿಸುವ ಲಿಂಕ್, ನವೀಕರಣದ ಸೂಚನೆ, ಡೊಮೈನ್ ಬೇರೆ ಕಂಪನಿಗೆ ವರ್ಗಾಯಿಸುವಾಗಿನ ಒಪ್ಪಿಗೆಯ ಪತ್ರ, ಎಲ್ಲವೂ ಬರುವುದು ಅಲ್ಲಿಗೇ. ಹೊಸ ನೋಂದಣಿಯ ನಂತರ ಬರುವ ಇಮೇಲ್ ದೃಢೀಕರಣಕ್ಕೆ 15 ದಿನದೊಳಗೆ ಉತ್ತರಿಸದಿದ್ದರೂ ಡೊಮೈನ್ ಸ್ಥಗಿತವಾಗಬಹುದು.

ಅದೇ ಡೊಮೈನ್‌ನ ಇಮೇಲ್ ಕೊಟ್ಟರೂ ತಪ್ಪೇ. ಬೀರುವಿನ ಕೀಲಿಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದ ಹಾಗೆ. ನವೋಕಿ ಹಿರೋಶಿಮಾ ಎಂಬ ಸಾಫ್ಟ್‌ವೇರ್ ಡೆವಲಪರ್‌ಗೆ 2014ರಲ್ಲಿ ಇಂಥದೇ ಪೆಟ್ಟು ಬಿತ್ತು. ಕಳ್ಳನೊಬ್ಬ ಅವರ ಡೊಮೈನ್ ವಶಮಾಡಿಕೊಂಡ. ಅದಕ್ಕೆ ಸೇರಿದ ಇಮೇಲ್ ಕೂಡ ಅವನ ಹಿಡಿತಕ್ಕೆ ಹೋಯಿತು. ಕೊನೆಗೆ ಅವರು ತಮ್ಮ ಒಂದೇ ಅಕ್ಷರದ ಟ್ವಿಟರ್ ಹೆಸರನ್ನು ಅವನಿಗೆ ಬಿಟ್ಟುಕೊಡಬೇಕಾಯಿತು. ಅದು ಮರಳಿ ಸಿಕ್ಕಿದ್ದು ಮುಂದಿನ ತಿಂಗಳು.

ಈಗ ನಾವು ಈ ಕೆಲಸಕ್ಕೆಂದೇ ಮಾಮನ ಹೆಸರಿನಲ್ಲಿ ಬೇರೊಂದು ಇಮೇಲ್ ತೆರೆದಿದ್ದೇವೆ. ಅದನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಲ್ಲ, ಯಾವ ಆ್ಯಪ್‌ಗೂ ಕೊಟ್ಟಿಲ್ಲ. ಹಾಗಾಗಿ ನಕಲಿ 'ನವೀಕರಣ ಬಿಲ್' ಕಳಿಸುವವರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿದ್ದೇವೆ. ತಪ್ಪದೆ ರೀಚಾರ್ಜ್ ಮಾಡುವ ನಂಬರನ್ನೇ ಜೋಡಿಸಿದ್ದೇವೆ, ಏಕೆಂದರೆ ಬಿಟ್ಟುಹೋದ ಸಿಮ್‌ನ ನಂಬರ್ ಬೇರೆಯವರ ಕೈ ಸೇರುತ್ತದೆ. ಬ್ಯಾಕಪ್ ಕೋಡ್‌ಗಳ ಪ್ರಿಂಟ್ ಮನೆಯ ಪತ್ರಗಳ ಜೊತೆ ಬೀರುವಿನಲ್ಲಿದೆ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ಅದಕ್ಕೇ ಮಾಮ ತಿಂಗಳಿಗೊಮ್ಮೆ ಇಮೇಲ್ ತೆರೆದು ನೋಡುತ್ತಾರೆ. ಸ್ವಯಂ ನವೀಕರಣ ಮತ್ತು ವರ್ಗಾವಣೆ ಲಾಕ್ ಎರಡೂ ಚಾಲೂ ಇವೆ.

ಇದನ್ನು ಬರೆಯುತ್ತಿರುವುದು ಮಾಮನ ಅಂಗಡಿಗಾಗಿ ಮಾತ್ರವಲ್ಲ. ನಮ್ಮ ಎಷ್ಟೋ ಜಮಾಅತ್‌ಗಳಿಗೆ, ಟ್ರಸ್ಟ್‌ಗಳಿಗೆ, ಗಲ್ಫ್‌ನ ಸಂಘಗಳಿಗೆ ವೆಬ್‌ಸೈಟ್ ಇದೆ. ಕಮಿಟಿ ಬದಲಾಗುತ್ತದೆ, ಇಮೇಲ್ ಮಾತ್ರ ಹಳೆಯ ಕಾರ್ಯದರ್ಶಿಯ ಮೊಬೈಲಿನಲ್ಲೇ ಉಳಿಯುತ್ತದೆ. ಇವತ್ತೇ ಕೇಳಿ ನೋಡಿ, ನಿಮ್ಮದು ಯಾರ ಇಮೇಲ್‌ನಲ್ಲಿದೆ ಎಂದು.

ಮೊನ್ನೆ ಮಾಮ ಆ ಕೋಡ್‌ಗಳ ಕಾಗದವನ್ನು ಮಗಳಿಗೆ ತೋರಿಸಿ, "ನಾನು ಇಲ್ಲದಿದ್ದಾಗ ಬಾಡಿಗೆ ಕರಾರಿನ ಜೊತೆ ಇದನ್ನೂ ಹುಡುಕು" ಎಂದರಂತೆ. ಅವಳು ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮತ್ತೆ ಬೀರುವಿನಲ್ಲಿಟ್ಟಳಂತೆ.